ರೈಸ್‌ಮಿಲ್ಲಿನ ಅಂಗಳದ ಬೋಟು

ಬೋಟಿನ ಎಂಜಿನ್ನಿನ ಸಂದಿಯಿಂದ ರುದ್ರೇಶ ಬೆರಳು ಹೊರತೆಗೆದಾಗ ಅದಕ್ಕೆ ಕೆಂಪು ತುಕ್ಕು ಮೆತ್ತಿತ್ತು. ಒಳಗೊಳಗೇ ಅವನಿಗೆ ಖುಷಿಯಾಯಿತು. ಅದು ಮುಖದಲ್ಲಿ ಕಾಣಬಾರದೆಂದು ಇನ್ನಷ್ಟು ಹೊತ್ತು ಬಗ್ಗಿಯೇ ನಿಂತ.

ಗಂಗಾವತಿಯ ಆ ರೈಸ್‌ಮಿಲ್ಲಿನ ಅಂಗಳಕ್ಕೆ, ಅಮೆರಿಕದಲ್ಲಿ ತಯಾರಾದ, ಯಾರೋ ಬಳಸಿ ಮಾರಾಟಕ್ಕಿಟ್ಟ ಬಿಳಿ ಬೋಟು ಟ್ರೇಲರಿನ ಮೇಲೆ ಬಂದಿತ್ತು. ಕೊಳ್ಳಲು ಹೊರಟವನು ಮಿಲ್ಲಿನ ಮಾಲೀಕ ಪಂಪಾಪತಿ, ರುದ್ರೇಶನ ದೊಡ್ಡಪ್ಪನ ಮಗ. ಅದನ್ನು ಕಾರವಾರದ ಕಡಲಲ್ಲಿ ಓಡಿಸುವ ಆಸೆ ಅವನದು; ಕೊಳ್ಳುವ ಮುಂಚೆ ಪರೀಕ್ಷಿಸಲೆಂದು ರುದ್ರೇಶನನ್ನು ಕರೆಸಿದ್ದ. ಅದೇ ಕಾರವಾರದಲ್ಲಿ ಹನ್ನೆರಡು ವರ್ಷ ಪರರ ಬೋಟುಗಳನ್ನು ರಿಪೇರಿ ಮಾಡಿದ್ದ ರುದ್ರೇಶನಿಗೆ ಸ್ವಂತದ್ದೊಂದು ದೋಣಿಯೂ ಇರಲಿಲ್ಲ. ಬೆಳಗಿನಿಂದ ಆ ಮೆತ್ತನೆಯ ಸೀಟುಗಳನ್ನು ಮುಟ್ಟಿದಾಗಲೆಲ್ಲ ಅವನ ಹೊಟ್ಟೆ ಉರಿದಿತ್ತು.

“ಅಣ್ಣಾ, ಇದು ಸಮುದ್ರಕ್ಕ ಬ್ಯಾಡ,” ಎಂದ, ಬೆರಳು ತೋರಿಸಿ. “ಹೊರಗಿನ ನೀರು ಎಳಕೊಂಡು ಎಂಜಿನ್ ತಂಪು ಮಾಡ್ತೈತಿ. ಸಿಹಿನೀರಿನ ಕೆರಿಗೆ ಛಲೋ. ಉಪ್ಪುನೀರು ಈಗಾಗ್ಲೇ ಒಳಗ ತಿಂದೈತಿ. ನಡು ಸಮುದ್ರದಾಗ ನಿಂತ್ರ ಏನ್ ಮಾಡ್ತಿ?”

ಪಂಪಾಪತಿ ಬೆರಳನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡಿದ. “ನಾ ಬೋಟ್ ತಗೋತೀನಂತ ನಿನಗ ಹೊಟ್ಟಿಕಿಚ್ಚು. ಅಲ್ಲಂತ ಆಣಿ ಮಾಡು ನೋಡೂಣು.”

ಆಣೆ ಮಾಡಲು ಹೊರಟ ರುದ್ರೇಶ, ಬೋಟಿನ ಮುಂದಿನ ಸೀಟಿನಲ್ಲಿ ನಗುತ್ತ ಕುಳಿತಿದ್ದ ಅತ್ತಿಗೆ ಲಲಿತಾಳನ್ನು ಕಂಡು ತಡೆದು ನಿಂತ; ಕಡಲಿಗೆ ಹೋದರೆ ಅವಳೂ ಅದೇ ಸೀಟಿನಲ್ಲಿರುತ್ತಾಳೆ. ಸುಳ್ಳಿನ ಮೇಲೆ ನಿಂತ ನಿಜವನ್ನು ಅಣ್ಣ ನಂಬಲಾರನೆಂದು ಅವನಿಗೆ ಅನಿಸಿತು.

“ಹೊಟ್ಟಿಕಿಚ್ಚು ಭಾಳ ಐತಿ, ಅಣ್ಣಾ,” ಎಂದ ಮೆಲ್ಲಗೆ. “ತುಕ್ಕೂ ಐತಿ.”

ಪಂಪಾಪತಿ ಈಗ ಅವನ ಬೆರಳಿನ ತುಕ್ಕನ್ನು ನೋಡಿದ. ಆಮೇಲೆ ಹೆಂಡತಿಯ ಕಡೆ ಕೈ ಚಾಚಿ, “ಕೆಳಗ ಇಳಿ, ಲಲಿತಾ,” ಎಂದ.