ಇಪ್ಪತ್ತಕ್ಕೆ ಆರು

ಸ್ಪೈರಲ್ ಬೈಂಡಿಂಗ್ ಮಾಡಿಸಿದ ಪ್ರಾಜೆಕ್ಟನ್ನು ಯೋಗೇಂದ್ರ ಭೂಗೋಳದ ಟೀಚರ್ ಅನುಪಮಾಳ ಮೇಜಿನ ಮೇಲೆ ಕುಕ್ಕಿದ. ಇಪ್ಪತ್ತಕ್ಕೆ ಆರು ಅಂಕ. ಹದಿನೈದಾದರೂ ಬಾರದಿದ್ದರೆ ಮಗಳು ಸಿಂಚನ ಜಿಲ್ಲಾ ಮಟ್ಟದ ಪ್ರದರ್ಶನಕ್ಕೆ ಹೋಗುವಂತಿಲ್ಲ. ಅವಳು ಹೋಗುತ್ತಾಳೆಂದು ಅವನಾಗಲೇ ಅರ್ಧ ಕುಂಬಾರಕೊಪ್ಪಲಿಗೆ ಡಂಗುರ ಸಾರಿಯಾಗಿತ್ತು.

ಸ್ಕೂಲಿಗೆ ಬರಬೇಡಿ ಎಂದು ಮಗಳು ಬೇಡಿಕೊಂಡಿದ್ದಳು. ಈಗ ಬಾಗಿಲಾಚೆ ಬ್ಯಾಗು ಹಿಡಿದು ನಿಂತಿದ್ದಳು. ಮಕ್ಕಳ ಮಾತು ಕೇಳುವ ಅಭ್ಯಾಸ ಯೋಗೇಂದ್ರನಿಗಿರಲಿಲ್ಲ. ಒಂಬತ್ತನೇ ತರಗತಿಗೆ ಕೊಟ್ಟ ವಿಷಯ ‘ಜಗತ್ತಿನ ನೀರಿನ ಬಿಕ್ಕಟ್ಟು’. ತಾನೇ ಬರೆಯುತ್ತೇನೆಂದು ಅವಳು ಎಷ್ಟು ಹೇಳಿದರೂ ಬಿಡದೆ, ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ಬಾಚಿ ಮೂವತ್ತು ಪುಟ ಟೈಪ್ ಮಾಡಿಸಿದವನು ಅವನೇ. ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆದವನಿಗೆ ಪ್ರಪಂಚದಲ್ಲಿ ತಿಳಿಯದ್ದು ಏನು ತಾನೆ ಇರುತ್ತದೆ?

ಪುಟಪುಟಕ್ಕೂ ಕೆಂಪು ಶಾಯಿ. ‘ಅರಲ್ ಸಮುದ್ರ ಆಫ್ರಿಕಾದಲ್ಲಿಲ್ಲ.’ ‘ಕಾರಣ ಕೇಳಿದರೆ ಭಾಷಣ ಬರೆದಿದೆ.’ ಕೊನೆಯ ಪುಟದಲ್ಲಿ ಇನ್ನೂ ಖಾರ: ‘ಬರೆದವರು ಭೂಪಟವನ್ನೇ ನೋಡಿಲ್ಲ. ಇದು ಪ್ರದರ್ಶನಕ್ಕೆ ಬೇಡ.’

“ಕಾಗೆಕಾಲು ಗುಬ್ಬಿಕಾಲು. ಮೊದ್ಲು ನೆಟ್ಟಗೆ ಬರೆಯೋದು ಕಲೀರಿ ಮೇಡಂ, ಆಮೇಲೆ ಬೇರೆಯೋರ್ದು ತಿದ್ದೀರಂತೆ” ಎಂದ ಯೋಗೇಂದ್ರ.

ಆ ಅಕ್ಷರ ತನ್ನದಲ್ಲ ಎಂದಳು ಅನುಪಮಾ. ಭೂಗೋಳ ಚೆನ್ನಾಗಿ ಬಲ್ಲ ಒಂದು ಮಗುವಿಗೆ ಇಡೀ ತರಗತಿಯ ಪ್ರಾಜೆಕ್ಟುಗಳನ್ನು ಮೊದಲು ತಿದ್ದಲು ಕೊಡುವುದು ಅವಳ ಪದ್ಧತಿ. ಆಮೇಲೆ ತಾನು ನೋಡಿ ಸಹಿ ಹಾಕುತ್ತಾಳೆ. ಇದರಲ್ಲಿ ಅರ್ಧ ಅಂಕವನ್ನೂ ಬದಲಿಸಬೇಕೆಂದು ಅವಳಿಗೆ ಅನಿಸಿರಲಿಲ್ಲ.

ಯೋಗೇಂದ್ರ ಮೂಗು ಮುರಿದ. ಹಾಲುಗಲ್ಲದ ಕೂಸು ತನ್ನನ್ನು ತಿದ್ದುವುದೇ? ಹೊಟ್ಟೆಕಿಚ್ಚಿನ ಮೂಟೆ ಎಂದ, ಬಾಯಿಬಡುಕ ಎಂದ. ಸಾಲದೆಂದು ಅದರ ಅಪ್ಪನನ್ನೂ ಎಳೆತಂದ.

“ಎಂಥ ದಡ್ಡ ಅಪ್ಪನ ಮಗೂನೋ, ದೊಡ್ಡೋರ್ಗೆ ಮರ್ಯಾದೆ ಕೊಡೋದು ಕಲಿಸಿಲ್ಲ. ಕರೀರಿ. ನನ್ನ ಮುಖ ನೋಡ್ಕೊಂಡು ಹೇಳ್ಲಿ.”

ಅನುಪಮಾ ಪ್ರಾಜೆಕ್ಟನ್ನು ಮುಚ್ಚಿದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

“ಸಿಂಚನ, ಒಳಗೆ ಬಾಮ್ಮ. ಆರೇ ಯಾಕೆ ಕೊಟ್ಟೆ ಅಂತ ನಿಮ್ಮಪ್ಪಂಗೆ ನೀನೇ ಹೇಳ್ಬುಡು.”