ನಾಲ್ಕು ಬೆರಳು ಎತ್ತರ

ಪ್ರಾಣಿಗಳ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇಲ್ನೋಡಿ, ಏಳು ಮೊಟ್ಟೆ" ಎಂದರು. ಕಿಟಕಿಗಳಿಗೆ ಗಾಜು ಕೂರಿಸುವ ಆ ಮನುಷ್ಯ ಮಡಿಲಲ್ಲಿದ್ದ ಹೆಣ್ಣು ಆಮೆಯನ್ನು ನೋಡಿದ. ಅದು ಕಣ್ಣು ಬಿಡಲಿಲ್ಲ. "ಗಂಡು ಹೆಣ್ಣು ಒಟ್ಟಿಗೆ ಸಾಕೋರು ಗಾಜಿನ ತೊಟ್ಟಿಯಲ್ಲಿ ಒಂದು ಕಡೆ ಮಣ್ಣು ಹಾಕಿರಬೇಕಲ್ವಾ? ಗುಂಡಿ ತೋಡಿ ಇಡೋಕೆ ಮಣ್ಣು ಸಿಗದೆ ಮೊಟ್ಟೆ ಹೊಟ್ಟೇಲೇ ಹಿಡ್ಕೊಂಡಿದೆ. ಈಗ ಕೈ ಮೀರಿದೆ. ಗಾಜು ಕೆರೀತಿರಲಿಲ್ವಾ?"

ಕೆರೆಯುತ್ತಿತ್ತು. ತಿಂಗಳಿಂದ, ಹಗಲೆಲ್ಲ, ಹಿಂಗಾಲಲ್ಲಿ, ಒಂದೇ ಮೂಲೆಯಲ್ಲಿ. "ಗಂಡನ ಜೊತೆ ಜಗಳ ಆಡ್ಕೊಂಡು ತವರಿಗೆ ಹೊರಟಿದ್ದಾಳೆ ಮಹಾರಾಯ್ತಿ" ಎಂದು ಅವನು ಬಂದವರನ್ನೆಲ್ಲ ನಗಿಸಿದ್ದ. "ಅದಕ್ಕೇನೋ ಬೇಕಾಗಿದೆ ಕಣ್ರೀ" ಎಂದ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೆ ಹತ್ತಿ ಹೊರಗೆ ಬೀಳದಿರಲೆಂದು ತೊಟ್ಟಿಯ ಗಾಜನ್ನು ಸುತ್ತಲೂ ನಾಲ್ಕು ಬೆರಳು ಎತ್ತರಿಸಿದ್ದ. ಅಂಚು ಅದಕ್ಕೆ ಚುಚ್ಚಬಾರದೆಂದು ಒಂದು ಸಂಜೆಯಿಡೀ ಕೂತು ಉಜ್ಜಿ ನುಣುಪು ಮಾಡಿದ್ದ.

ಮನೆಯಲ್ಲಿ ವಿಷಯ ಕೇಳಿದ ಹೆಂಡತಿ ಕಿಟಕಿಯಲ್ಲಿದ್ದ ಹೂವಿನ ಕುಂಡವನ್ನು ತಂದು ಗಿಡದ ಸಮೇತ ನೆಲದ ಮೇಲೆ ಬೋರಲು ಹಾಕಿದಳು. ಅವನು ಆಮೆಯನ್ನು ಆ ಮಣ್ಣಿನ ಮೇಲಿಳಿಸಿದ. ಎಷ್ಟೋ ಹೊತ್ತಿನ ಮೇಲೆ ಅದರ ಹಿಂಗಾಲು ಅಲುಗಿತು. ಒಂದಿಷ್ಟು ಮಣ್ಣು ತೋಡಿ ಪಕ್ಕಕ್ಕೆ ತಳ್ಳಿತು. ಇನ್ನೊಮ್ಮೆ ತೋಡಿತು. ಮೂರನೆಯ ಸಲ ಮಣ್ಣಿಗಿಳಿದ ಕಾಲು ಮೇಲೆ ಬರಲಿಲ್ಲ.

"ಬಿಡ್ರೀ, ಅದು ಹೋಯ್ತು" ಎಂದಳು ಹೆಂಡತಿ. ಅವನು ಆ ಪುಟ್ಟ ಗುಂಡಿಯನ್ನು ತನ್ನ ಬೆರಳಿಂದ ತೋಡುತ್ತಲೇ ಇದ್ದ.