ಅಕ್ಕನ ಮೊಣಕಾಲು

ಕದ್ದಿದ್ದಾರೆ. ಅಕ್ಕನಿಗೆ ಇನ್ನು ಅನುಮಾನವೇ ಉಳಿಯಲಿಲ್ಲ.

ಕೆಂಪು ಸ್ಟಿಕ್ಕರಿನ ಸ್ಕ್ಯಾನರ್ ಹಿಡಿದು ಬಲಸಾಲಿನಲ್ಲಿ ಸಾಮಾನು ತೆಗೆಯುತ್ತಿದ್ದ ಕೆಲಸದಾಳು ಲಂಬು ಏಣಿಯಿಂದ ಇಳಿದವನೇ ಹಲ್ಲು ಕಿರಿದ. "ಇದೂ ನಮ್ಮದರ ಹಾಗೇ ಕಣಕ್ಕಾ. ಮೇಲಿನ ಅಟ್ಟದ ಸಾಮಾನೆಲ್ಲ ಒಟ್ಟಿಗೇ ಕೇಳುತ್ತೆ. ಒಂದ್ಸಲ ಏಣಿ ಹತ್ತಿದ್ರೆ ಮುಗೀತು."

ಅದು ಅವಳ ತಮ್ಮನ ಬುದ್ಧಿ. ಈ ಬಿಡಿಭಾಗಗಳ ಗೋದಾಮಿನ ಮೇಲ್ವಿಚಾರಣೆ ಅಕ್ಕನದು, ಸಾಫ್ಟ್‌ವೇರ್ ತಮ್ಮನದು. ಅಕ್ಕನ ಮೊಣಕಾಲು ನೋಯುತ್ತದೆಂದು ಅವನು ಹಟ ಹಿಡಿದು ಕೂತು ಆ ಏಣಿಯ ಉಪಾಯ ಸೇರಿಸಿದ್ದ. 'ನಿಮ್ಮ ಕೆಲಸ ಅರ್ಥಮಾಡಿಕೊಳ್ಳುತ್ತೇವೆ' ಎನ್ನುತ್ತ ಹೊರಗಿನ ಕಂಪನಿಯವರು ವಾರಗಟ್ಟಲೆ ಅವನ ಬೆನ್ನಹಿಂದೆ ನಿಂತದ್ದು ಇದಕ್ಕೇ ಏನು?

ಇವತ್ತು ಪರೀಕ್ಷೆ. ಎಡಸಾಲಿನಲ್ಲಿ ನೀಲಿ ಸ್ಟಿಕ್ಕರ್, ತಮ್ಮ ಮಾಡಿದ್ದು. ಬಲಸಾಲಿನಲ್ಲಿ ಕೆಂಪು, ಹೊರಗಿನವರದು. ಸ್ಕ್ಯಾನರ್‌ಗಳೆರಡೂ ಅವಳಿಜವಳಿ, ಕಪಾಟಿನ ನಂಬರು, ಎಷ್ಟು ತೆಗೆಯಬೇಕು ಎನ್ನುವುದು ಬಿಟ್ಟರೆ ಬೇರೇನೂ ತೋರಿಸುವುದಿಲ್ಲ. ಯಾವ ಸಾಲಿನಲ್ಲಿ ತಪ್ಪು ಕಡಿಮೆಯೋ ಆ ಸಾಫ್ಟ್‌ವೇರ್ ಉಳಿಯುತ್ತದೆ.

"ನಿನ್ನ ತಮ್ಮನಿಗೆ ಜ್ವರ ಬಂದ್ರೆ ನನ್ನ ಗೋದಾಮಿಗೂ ಜ್ವರ ಬರುತ್ತಮ್ಮ," ಎಂದಿದ್ದರು ಯಜಮಾನರು. "ಅವರದು ದೊಡ್ಡ ತಂಡ. ಒಬ್ಬರಿಲ್ಲದಿದ್ರೆ ಇನ್ನೊಬ್ರು ಬರ್ತಾರೆ. ಆದ್ರೂ ನೋಡೇಬಿಡೋಣ. ಒಂದು ಮಾತು, ಯಾರಾದ್ರೂ ಕೈಯಾಡಿಸಿದ್ದು ಗೊತ್ತಾದ್ರೆ ಅವರ ಕಡೆ ಸೋತ ಹಾಗೇ."

ಸೋತರೆ ತಮ್ಮನ ಕೆಲಸ ಹೋಗುತ್ತದೆ. ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವಳು ಅವಳು. ಹೊಸಬರ ಮುಂದೆ ನಾಲ್ಕು ಮಾತಾಡಲೂ ಬಾರದ ಜೀವ. ಗೋದಾಮಿನ ಮೂಲೆಯ ಆ ಕೋಣೆ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ. ಅದನ್ನೂ ಕಿತ್ತುಕೊಂಡರೆ ಅವನು ಮತ್ತೆ ಏಳಲಾರ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಬೆಳಗ್ಗೆ ಅವನು ಹೇಳಿದ್ದು ಒಂದೇ ಮಾತು. "ಇವತ್ತು ನನ್ನ ಬಗ್ಗೆ ಯೋಚನೆ ಮಾಡ್ಬೇಡ ಅಕ್ಕಾ. ನಿನ್ನ ಕೆಲಸ ನೀನು ಮಾಡು."

ಈಗ ನೋಡಿದರೆ ಕಂಬಕ್ಕೆ ಒರಗಿ, ಲಂಬುವನ್ನೇ ನೋಡುತ್ತ ಒಳಗೊಳಗೇ ನಗುತ್ತಿದ್ದಾನೆ. ಎದುರಾಳಿಯ ಕೆಲಸ ಚೆನ್ನಾಗಿ ನಡೆದರೂ ಖುಷಿಪಡುವ ಪೆದ್ದ! ಪರೀಕ್ಷೆ ನೋಡಲು ಬಂದಿದ್ದ ಹೊರಗಿನ ಕಂಪನಿಯ ಹೆಂಗಸಿಗಾದರೋ ಎಡಸಾಲಿನ ಮೇಲೇ ಕಣ್ಣು. ಅಲ್ಲಿ ನೀಲಿ ಸ್ಕ್ಯಾನರ್ ಹಿಡಿದ ಗೊಣಗಪ್ಪ ಏಣಿ ಹತ್ತಿ ಇಳಿದು, ಮತ್ತೆ ಹತ್ತಿ ಶಾಪ ಹಾಕುತ್ತಿದ್ದ. ಅವನು ಗೊಣಗದ ದಿನವಾದರೂ ಯಾವುದು?

ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದರು. ಲಂಬು ಕೆಂಪು ಸ್ಕ್ಯಾನರನ್ನು ಮೇಜಿನ ಮೇಲೆ ಬಿಟ್ಟಿದ್ದ. ಅದರ ಸ್ಟಿಕ್ಕರ್ ಅಂಚಿನಲ್ಲಿ ಆಗಲೇ ಎದ್ದಿತ್ತು. ಇವರ ಅಂಟೂ ಅಷ್ಟಕ್ಕಷ್ಟೇ ಎಂದುಕೊಂಡು ಅಕ್ಕ ಬಲಸಾಲಿಗೆ ನಡೆದಳು. ರಬ್ಬರ್ ವಾಷರ್‌ಗಳ ಡಬ್ಬಿಗಳು ಹೊರಗಿನಿಂದ ಎಲ್ಲ ಒಂದೇ. ಕೆಲವು ಕಪಾಟುಗಳ ನಂಬರ್ ಚೀಟಿ ಕಿತ್ತು, ಇಲ್ಲಿಯದನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ಸಿಕ್ಕಿಸಿದಳು. ಕಳ್ಳರ ಮುಂದೆ ಯಾವ ನ್ಯಾಯ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕೆಲಸ ಮುಗಿದು ಬುಟ್ಟಿಗಳು ತಪಾಸಣೆಯ ಮೇಜಿಗೆ ಹೋದ ಕೂಡಲೇ ಅಕ್ಕ ಚೀಟಿಗಳನ್ನು ಮತ್ತೆ ಮೊದಲಿನ ಜಾಗಕ್ಕೆ ಸಿಕ್ಕಿಸಿದಳು. ಯಾರಿಗೂ ಸುಳಿವು ಸಿಗಲಿಲ್ಲ.

ಯಜಮಾನರು ಬುಟ್ಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸುರುವಿದರು. ನೀಲಿಯದರಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು. ಕೆಂಪಿನದರಲ್ಲಿ ಮಧ್ಯಾಹ್ನದ ಮೇಲಿನ ವಾಷರ್‌ಗಳೆಲ್ಲ ಕಲಸುಮೇಲೋಗರ. ಲಂಬು ತಲೆ ಕೆರೆದುಕೊಂಡ. "ಅದು ತೋರಿಸಿದ ಕಪಾಟಿಂದಾನೇ ತೆಗ್ದೆ ಸ್ವಾಮೀ, ಆಣೆಗೂ."

ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ನಂಬಲಾಗುತ್ತಿಲ್ಲ ಪಾಪ, ಎಂದುಕೊಂಡು ಅಕ್ಕ ಅವನ ಭುಜ ಹಿಡಿದಳು. "ಗೆದ್ದೆ ಕಣೋ," ಎಂದು ಪಿಸುಗುಟ್ಟಿದಳು.

ಅವನು ಅವಳತ್ತ ನೋಡದೆ ಯಜಮಾನರ ಕಡೆ ತಿರುಗಿದ. ಹೊರಗಿನ ಹೆಂಗಸು ಮೆಲ್ಲನೆ ಉಸಿರು ಬಿಟ್ಟಳು.

ಯಜಮಾನರು ಎರಡೂ ಸ್ಕ್ಯಾನರ್ ಎತ್ತಿಕೊಂಡು ಸ್ಟಿಕ್ಕರ್‌ಗಳನ್ನು ಉಗುರಿನಿಂದ ಕಿತ್ತರು. ಅಕ್ಕನ ಮುಖ ನೋಡಲಾರದೆ ನೆಲ ನೋಡುತ್ತ ಮಾತಾಡಿದರು.

"ಬೆಳಗ್ಗೇನೇ ಈ ಸ್ಟಿಕ್ಕರ್‌ಗಳನ್ನ ಅದಲುಬದಲು ಮಾಡಿದ್ವಿ ಕಣಮ್ಮ. 'ಅಕ್ಕ ನನ್ನ ಕಡೆ ವಾಲಿಬಿಡ್ತಾಳೆ, ನಾನು ನ್ಯಾಯವಾಗಿ ಗೆಲ್ಬೇಕು' ಅಂತ ನಿನ್ನ ತಮ್ಮಾನೇ ಕೇಳ್ಕೊಂಡಿದ್ದು."